ಇಲ್ಲ ಎನ್ನಲು ಬಾರದ ಯಂತ್ರಕ್ಕೆ ಸಹಿ ಇಲ್ಲ

ಲಿಫ್ಟು ನಡುವೆ ಸಿಕ್ಕಿ ನಿಂತಾಗ ಒಳಗಿರುವವರು ದೇವರನ್ನು ನೆನೆಯುತ್ತಾರೆ, ಹೊರಗಿರುವ ಮೆಕ್ಯಾನಿಕ್ಕು ಸೂಚಿಯಕ್ಕನನ್ನು ನೆನೆಯುತ್ತಾನೆ. ಇಬ್ಬರಲ್ಲಿ ಫೋನ್ ಎತ್ತುವುದು ಸೂಚಿಯಕ್ಕ ಮಾತ್ರ.

ಲಿಫ್ಟು ರಿಪೇರಿ ಕಂಪನಿಯ ನೆಲಮಾಳಿಗೆಯಲ್ಲಿ, ನೀರಿನ ಪಂಪಿನ ಪಕ್ಕದ ಕೋಣೆಯಲ್ಲಿ ಅವಳ ಮೇಜು. ಕಿಟಕಿ ಇದೆ, ಆದರೆ ಅದು ಬೀದಿಯ ಮಟ್ಟಕ್ಕಿದೆ. ಇಪ್ಪತ್ತಮೂರು ವರ್ಷದಿಂದ ಜನರನ್ನು ಪಾದದಿಂದ ಮಂಡಿಯವರೆಗೆ ಮಾತ್ರ ನೋಡಿ, ಚಪ್ಪಲಿ ಸವೆದ ರೀತಿಯಲ್ಲೇ ಇಂಥವರು ಎಂದು ಹೇಳುವಷ್ಟು ಪಳಗಿದ್ದಳು. ಕೆಲಸಕ್ಕೆ ಸೇರಿದ್ದು ಟೈಪಿಸ್ಟಾಗಿ. ನಲವತ್ತೊಂದು ಮಾಡೆಲಿನ ಲಿಫ್ಟುಗಳ ಕೈಪಿಡಿಗಳನ್ನು ಅಕ್ಷರ ಅಕ್ಷರವಾಗಿ ಟೈಪು ಮಾಡಿದಳು. ಯಾರೂ ಕೇಳದಿದ್ದರೂ ಪ್ರತಿಯೊಂದರ ಕೊನೆಗೆ ಯಾವ ವಿಷಯ ಯಾವ ಪುಟದಲ್ಲಿದೆ ಎಂಬ ಸೂಚಿ ಸೇರಿಸಿದಳು. ಅಲ್ಲಿಂದ ಅವಳು ಸೂಚಿಯಕ್ಕ. ಗಂಡ ದರ್ಜಿ. "ನಂದು ಸೂಜಿ, ಅವಳದ್ದು ಸೂಚಿ. ಚುಚ್ಚೋದ್ರಲ್ಲಿ ಅವಳದ್ದೇ ಕೈ ಮೇಲು," ಎಂದು ಗಿರಾಕಿಗಳ ಅಳತೆ ತೆಗೆಯುತ್ತ ಹೇಳುತ್ತಿದ್ದ.

ಒಂಬತ್ತು ವರ್ಷದ ಹಿಂದೆ ಕೈಪಿಡಿಗಳೆಲ್ಲ ಕಂಪ್ಯೂಟರಿಗೆ ಹೋದವು. ಸುಮ್ಮನೆ ಹೋಗಲಿಲ್ಲ. ಡಬ್ಬಿಯೊಳಗೆ ಡಬ್ಬಿ, ಪ್ರತಿ ಡಬ್ಬಿಗೂ ಒಂದು ಹೆಸರಿನ ಚೀಟಿ, ಹೀಗೆ ಜೋಡಿಸಿ ಹೋದವು. ಇದಕ್ಕೆ ಎಕ್ಸ್‌ಎಂಎಲ್ ಎನ್ನುತ್ತಾರೆ ಎಂದು ಅವಳು ಮನೆಯಲ್ಲಿ ಹೇಳಿದಾಗ, ಗಂಡ ಅದು ಎಕ್ಸೆಲ್‌ಗಿಂತ ಒಂದಳತೆ ದೊಡ್ಡದು ಎಂದುಕೊಂಡು ಎದೆಸುತ್ತು ಎಷ್ಟು ಬರುತ್ತದೆ ಎಂದು ಕೇಳಿದ್ದ. ಚೀಟಿಗೆ ಟ್ಯಾಗ್ ಎಂದು ಹೆಸರು. ಮೂರು ವರ್ಷ ಕೂತು ಅವಳು ಅಂಟಿಸಿದ ಟ್ಯಾಗುಗಳಿಗೆ ಲೆಕ್ಕವಿಲ್ಲ. ಸಂಬಳ ಏರದಿದ್ದುದರಿಂದ ಆಫೀಸಿನಲ್ಲಿ ಅದನ್ನು ತ್ಯಾಗ್ ಎಂದೇ ಕರೆದರು.

ಡಬ್ಬಿಗಳ ಲೆಕ್ಕ ತಪ್ಪದಿರಲೆಂದು ಅವಳು ತನ್ನದೇ ಒಂದು ದಾರಿ ಮಾಡಿಕೊಂಡಿದ್ದಳು. ನಲವತ್ತೊಂದೂ ಸೇರಿದ ಇಡೀ ಕೈಪಿಡಿ ಮುತ್ತಜ್ಜ. ಒಂದೊಂದು ಮಾಡೆಲೂ ಒಬ್ಬೊಬ್ಬ ಅಜ್ಜ. ಅದರೊಳಗಿನ ಬ್ರೇಕು, ಬಾಗಿಲು, ಮೋಟಾರು ಅಪ್ಪಂದಿರು. ಮಾಡಬೇಕಾದ ಒಂದೊಂದು ಕೆಲಸ ಮಗ. ಏಳನೇ ಮಾಡೆಲಿನ ಬ್ರೇಕಿಗೂ ಒಂಬತ್ತನೇ ಮಾಡೆಲಿನ ಬ್ರೇಕಿಗೂ ಮುಖ ಒಂದೇ ಥರ, ಆದರೆ ಅವು ದಾಯಾದಿಗಳು. ಒಂದೇ ಒಲೆ ಹೂಡಬಾರದು.

ಮೆಕ್ಯಾನಿಕ್ಕುಗಳು ಫೋನ್ ಮಾಡಿದರೆ ಅವಳು ಅಜ್ಜ ಯಾರೆಂದು ಮೊದಲು ಕೇಳುತ್ತಿದ್ದಳು. ಅವರಲ್ಲಿ ಒಬ್ಬ ಅವಳ ಮೈದುನನೇ. ಗಂಡನ ತಮ್ಮ, ನಲವತ್ತೈದರ ಆಳು, ಮಾತಿಗೆ ಮೊದಲು ನಗುವವನು.

"ಅತ್ತಿಗೆ, ಬಾಗಿಲು ಕಿರುಗುಡ್ತಿದೆ."

"ಯಾವ ಮನೆತನ?"

"ಹದಿನಾಲ್ಕು."

"ಹದಿನಾಲ್ಕರ ಬಾಗಿಲಿಗೆ ಕೆಳಗಿನ ಹಳಿಯಲ್ಲಿ ಕಸ ಕೂರುತ್ತೆ. ಗುಡಿಸಿ ನೋಡು. ಮನೆಯಲ್ಲಂತೂ ಪೊರಕೆ ಮುಟ್ಟಲ್ಲ."

ಹೀಗೆ ನಡೆಯುತ್ತಿದ್ದಾಗ ಹುಡುಕು ಬಂತು.

ಹುಡುಕು ಎಂದರೆ ಮೊಬೈಲಿನಲ್ಲಿ ಎರಡು ಮೂರು ಪದ ಒತ್ತಿದರೆ ಕೈಪಿಡಿಯ ಸರಿಯಾದ ತುಣುಕು ಎದುರಿಗೆ ಬರುವ ಹೊಸ ವ್ಯವಸ್ಥೆ. ಅದನ್ನು ತಂದವರು ವಿಭಾಗದ ಮುಖ್ಯಸ್ಥರು. ಊಟ ರುಚಿಯಾಗಿತ್ತೇ ಎಂದು ಕೇಳಿದರೂ ಎಂಬತ್ತೈದು ಶೇಕಡಾ ಎನ್ನುತ್ತಿದ್ದುದರಿಂದ ಅವರಿಗೆ ಶೇಕಡಾ ಸಾಹೇಬರೆಂದು ಹೆಸರು. ಬರುವ ತಿಂಗಳಿಂದ ನೆಲಮಾಳಿಗೆಯ ಫೋನು ಬಂದ್, ಎಲ್ಲರೂ ಹುಡುಕು ಬಳಸಬೇಕು ಎಂದು ಅವರು ಸುತ್ತೋಲೆ ಹೊರಡಿಸಿದರು. ಒಂದೇ ಒಂದು ತೊಡಕಿತ್ತು. ಹುಡುಕಿದಾಗ ಬರುವ ಉತ್ತರ ಕೈಪಿಡಿಯಲ್ಲಿ ಇರುವಂತೆಯೇ ಇದೆ ಎಂದು, ಕೈಪಿಡಿಯ ಹೊಣೆ ಹೊತ್ತವರು ಸಹಿ ಹಾಕಿಕೊಡಬೇಕು. ಹೊಣೆ ಹೊತ್ತವಳು ಸೂಚಿಯಕ್ಕ.

ಸಾಹೇಬರು ತಾವೇ ಮೆಟ್ಟಿಲಿಳಿದು ಬಂದರು. ಲಿಫ್ಟು ಕಂಪನಿಯ ಸ್ವಂತ ಕಟ್ಟಡದ ಲಿಫ್ಟು ನೆಲಮಾಳಿಗೆಗೆ ಬರುತ್ತಿರಲಿಲ್ಲ.

"ಒಂದು ಸಹಿ ಅಷ್ಟೇ ಅಮ್ಮ. ಸಹಿ ಆದ್ರೆ ಎಲ್ಲರಿಗೂ ಸಿಹಿ."

"ನನಗೆ ಸಕ್ಕರೆ ಕಾಯಿಲೆ ಸಾರ್. ನೋಡಿಯೇ ಹಾಕ್ತೀನಿ."

ಅವಳು ಮೊಬೈಲು ತೆಗೆದುಕೊಂಡು, ಒಂದೊಂದೇ ಅಕ್ಷರ ಒತ್ತಿ, ಬಾಗಿಲು, ಬ್ರೇಕ್ ಎಂದು ಕೇಳಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. 'ಕ್ಯಾಬಿನ್ನಿನ ಬಾಗಿಲು ತೆರೆದಿರುವಾಗ ಕೈಯಿಂದ ಬ್ರೇಕ್ ಬಿಡ' ಎಂದು ಬರೆದು ಮೂರು ಚುಕ್ಕಿ. ಸಣ್ಣ ಪರದೆಗೆ ಹಿಡಿಸಲೆಂದು ಯಂತ್ರ ಸಾಲನ್ನು ಅಲ್ಲಿಗೇ ಕತ್ತರಿಸಿತ್ತು. ಅವಳು ಟೈಪು ಮಾಡಿದ್ದು ಬಿಡಬಾರದು ಎಂದು. ಬಿಡ ಬಂತು, ಬಾರದು ಬಾರದೇ ಹೋಯಿತು.

ಪ್ರೋಗ್ರಾಮ್ ಬರೆದಾಕೆಯನ್ನು ಕರೆಸಿದರು. ತಣ್ಣಗಿನ ಕಂಪ್ಯೂಟರ್ ಕೋಣೆಯಲ್ಲೇ ಕೂತು ಕೂತು ವರ್ಷಪೂರ್ತಿ ಮೂಗು ಸೋರುವ ಹೆಂಗಸು. ನೆಗಡಿ ಮೇಡಂ ಎಂದರೆ ಬೇಸರ ಮಾಡಿಕೊಳ್ಳುತ್ತಿರಲಿಲ್ಲ, ಅದಕ್ಕೂ ಪುರುಸೊತ್ತು ಬೇಕು.

"ನಮ್ಮ ಭಾಷೆಯಲ್ಲಿ ಬೇಡ ಅನ್ನೋದು ಬಾಲದಲ್ಲಿರುತ್ತೆ ಮೇಡಂ," ಎಂದಳು ಸೂಚಿಯಕ್ಕ. "ನೀವು ಬಾಲ ಕತ್ತರಿಸಿದ್ರಿ. ಬೇಡ ಹೋಗಿ ಬೇಕು ಆಯ್ತು."

ನೆಗಡಿ ಮೇಡಂ ಪರದೆ ನೋಡಿದಳು, ಮೂಗು ಒರೆಸಿಕೊಂಡು ಹೋದಳು. ಎರಡು ದಿನದಲ್ಲಿ ಸಾಲು ಪೂರ್ತಿ ಕಾಣುವಂತಾಯಿತು. ಸಾಹೇಬರು ಫಾರಂ ಹಿಡಿದು ಮತ್ತೆ ಮೆಟ್ಟಿಲಿಳಿದರು.

ಈ ಸಲ ಅವಳು ಒಂಬತ್ತು, ಬ್ರೇಕ್, ಹಿಡಿಕೆ ಎಂದು ಕೇಳಿದಳು. ಬೇಕೆಂದೇ ಕೇಳಿದ್ದು. ಒಂಬತ್ತನೇ ಮಾಡೆಲಿಗೆ ಕೈಯಿಂದ ಬ್ರೇಕ್ ಬಿಡುವ ಹಿಡಿಕೆಯೇ ಇಲ್ಲ. ಇರುವುದು ಏಳನೆಯದಕ್ಕೆ. ಒಂಬತ್ತರಲ್ಲಿ ಅದೇ ಜಾಗದಲ್ಲಿ ಬ್ರೇಕಿನ ಸ್ಪ್ರಿಂಗನ್ನು ಹಿಡಿದಿಟ್ಟ ಒಂದು ಬೋಲ್ಟಿದೆ, ಅದು ಸಡಿಲವಾದರೆ ಕ್ಯಾಬಿನ್ನು ನಿಲ್ಲುವುದು ನೆಲದ ಮೇಲೆಯೇ. ಯಂತ್ರ ತಡಮಾಡಲಿಲ್ಲ. ಮೇಲೆ 'ಮಾಡೆಲ್ ಒಂಬತ್ತು, ಬ್ರೇಕ್' ಎಂಬ ತಲೆಬರಹ, ಕೆಳಗೆ 'ಹಿಡಿಕೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ' ಎಂಬ ಏಳನೇ ಮಾಡೆಲಿನ ಸಾಲು. ಮೂರು ಪದವೂ ಸಿಕ್ಕಿದ್ದವು. ಎರಡು ಒಂಬತ್ತನೇ ಅಜ್ಜನ ಮನೆಯಲ್ಲಿ, ಒಂದು ದಾಯಾದಿಯ ಮನೆಯಲ್ಲಿ. ಎಲ್ಲ ನಮ್ಮ ಮುತ್ತಜ್ಜನ ವಂಶವೇ ತಾನೇ ಎಂದು ಯಂತ್ರ ಎರಡನ್ನೂ ಸೇರಿಸಿ ಬಡಿಸಿತ್ತು.

"ಇದು ಹುಡುಕೋದಲ್ಲ ಸಾರ್, ತಡಕೋದು," ಎಂದು ಅವಳು ಫಾರಂ ವಾಪಸ್ಸು ಕೊಟ್ಟಳು.

"ಅಮ್ಮ, ನೂರಕ್ಕೆ ತೊಂಬತ್ತೇಳು ಸರಿಯಾಗಿದೆ."

"ಉಳಿದ ಮೂರರ ಲಿಫ್ಟಲ್ಲಿ ಯಾರು ನಿಂತಿರ್ತಾರೆ ಅಂತ ಹೇಳಿ, ಹಾಕ್ತೀನಿ."

ಮರುದಿನ ಅವಳ ಮೇಜು ಬಿಡಿಭಾಗಗಳ ಉಗ್ರಾಣಕ್ಕೆ ಹೋಯಿತು. ಹಿಂದೆಯೇ ಅವಳೂ ಹೋದಳು. ಗ್ರೀಸು ಡಬ್ಬಗಳ ನಡುವೆ ಕೂತು, ಫೋನು ಬಂದಾಗ ಎದ್ದು ಹಳೆಯ ಕೋಣೆಗೆ ಓಡುತ್ತಿದ್ದಳು. ಸೂಚಿಯಕ್ಕ ತನ್ನ ಹೊಟ್ಟೆಪಾಡಿಗೋಸ್ಕರ ಯಂತ್ರಕ್ಕೆ ಕಲ್ಲು ಹಾಕುತ್ತಿದ್ದಾಳೆ ಎಂಬ ಮಾತು ಮೂರು ದಿನದಲ್ಲಿ ಮೇಲಿನಿಂದ ಕೆಳಗಿನವರೆಗೂ ಇಳಿಯಿತು. ಲಿಫ್ಟು ಬಾರದ ನೆಲಮಾಳಿಗೆಗೂ ಚಾಡಿ ಬರುತ್ತದೆ.

ಅದನ್ನು ಮನೆಗೆ ತಂದವನು ಮೈದುನ. ಭಾನುವಾರ ಮಧ್ಯಾಹ್ನ, ಅಣ್ಣನ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನಲ್ಲಿ ಕೂತು ಅವನು ಈ ಸಲ ನಗದೇ ಮಾತು ತೆಗೆದ.

"ಅತ್ತಿಗೆ, ಒಂದು ಮಾತು ಹೇಳ್ತೀನಿ, ಬಯ್ಯಬೇಡಿ. ನೀವು ಸಹಿ ಹಾಕಿಬಿಡಿ."

"ಯಾರು ಹೇಳಿಕೊಟ್ಟು ಕಳಿಸಿದ್ರು?"

"ಯಾರೂ ಇಲ್ಲ. ಹತ್ತನೇ ಮಹಡಿ ಮೇಲೆ ಬಿಸಿಲಲ್ಲಿ ನಿಂತು ಫೋನ್ ಮಾಡ್ತೀವಿ. ಎಂಗೇಜು. ನಮ್ಮ ಮುಂದೆ ನಾಲ್ಕು ಜನ ಇರ್ತಾರೆ. ನೀವು ಊಟಕ್ಕೆ ಎದ್ರೆ ಲಿಫ್ಟಿಗೂ ಉಪವಾಸ. ಹುಡುಕು ಆದ್ರೆ ಒತ್ತಿದ ತಕ್ಷಣ ಬರುತ್ತೆ. ನಿಮಗೆ ಒಬ್ರಿಗೇ ಗೊತ್ತಿರೋದು ಎಲ್ಲರಿಗೂ ಗೊತ್ತಾಗಲಿ ಬಿಡಿ."

ಇದು ಅವಳಿಗೆ ನಾಟಿತು. ಸಾಹೇಬರ ಶೇಕಡಾ ನಾಟಿರಲಿಲ್ಲ, ಚಾಡಿಯೂ ನಾಟಿರಲಿಲ್ಲ. ಇವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ನನಗೂ ಅದೇ ಬೇಕಾಗಿರೋದು ಕಣಪ್ಪ," ಎಂದಳು. "ಅದು ಸರಿಯಾಗಿ ಕೆಲಸ ಮಾಡಿದ ದಿನ ನಾನೇ ಸಹಿ ಹಾಕಿ, ನಾನೇ ಫೋನಿನ ತಂತಿ ಕೀಳ್ತೀನಿ. ಸರಿ ಇಲ್ಲದ್ದಕ್ಕೆ ಸರಿ ಅಂತ ಬರೆಯಲ್ಲ. ಅದು ಎರಡು ಮನೆಯದ್ದನ್ನ ಸೇರಿಸಿ ಹೇಳುತ್ತೆ."

"ಪದ ಎಲ್ಲ ಸರಿಯಾಗಿದ್ರೆ ಉತ್ತರ ಹೇಗೆ ತಪ್ಪಾಗುತ್ತೆ?"

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದ ಗಂಡ ಅದನ್ನು ತೆಗೆದು ಮೇಜಿನ ಮೇಲಿಟ್ಟ. ಅವನು ಮಾತಾಡಬೇಕೆಂದರೆ ಅದು ಆಗಲೇಬೇಕಿತ್ತು.

"ಲೋ, ಒಬ್ಬ ಗಿರಾಕಿ ತೋಳಿನ ಅಳತೆ, ಇನ್ನೊಬ್ಬ ಗಿರಾಕಿ ಬೆನ್ನಿನ ಅಳತೆ. ಎರಡೂ ನನ್ನ ಪುಸ್ತಕದಲ್ಲೇ ಇದೆ, ಎರಡೂ ಸರಿಯಾಗಿದೆ. ಎರಡೂ ಸೇರಿಸಿ ಶರ್ಟು ಹೊಲಿದ್ರೆ ಯಾರಿಗಾಗುತ್ತೆ?"

"ಯಾರಿಗೂ ಆಗಲ್ಲ."

"ಹಾಂ. ಬಟ್ಟೆಯಾದ್ರೆ ಬಿಚ್ಚಿ ಹೊಲೀಬಹುದು. ನಿನ್ನನ್ನ ಬಿಚ್ಚಿ ಹೊಲಿಯೋಕೆ ನನಗೆ ಬರಲ್ಲ."

ಮೈದುನ ನಕ್ಕ, ಆದರೆ ಒಪ್ಪಲಿಲ್ಲ. ಚಹಾ ಕುಡಿದು ಹೋದ.

ಸೋಮವಾರ ಉಗ್ರಾಣಕ್ಕೆ ನೆಗಡಿ ಮೇಡಂ ಬಂದಳು. ಕೂರಲು ಬೇರೇನೂ ಇಲ್ಲದೆ ಒಂದು ಮೋಟಾರಿನ ಮೇಲೆ ಕೂತಳು.

"ಅಕ್ಕ, ಆ ಒಂಬತ್ತು ಏಳು ನನಗೆ ನಿದ್ದೆ ಕೆಡಿಸಿದೆ. ಎಲ್ಲ ಪದ ಇರೋ ಡಬ್ಬಿ ಹುಡುಕು ಅಂತ ಬರೆದಿದ್ದೀನಿ. ಬರೆದದ್ದು ಸರಿಯಾಗಿದೆ. ತಪ್ಪೆಲ್ಲಿ?"

"ಎಲ್ಲ ಪದ ಇರೋ ಡಬ್ಬಿ ಯಾವುದು?"

"ಮೇಲಿಂದು. ಇಡೀ ಕೈಪಿಡಿ."

"ಅದ್ರಲ್ಲಿ ಎಲ್ಲ ಇರುತ್ತಮ್ಮ. ಮುತ್ತಜ್ಜನ ಹೆಸರು ಹೇಳಿದ್ರೆ ಊರೆಲ್ಲ ನೆಂಟರೇ. ಎಲೆ ಕೇಳಿದವನಿಗೆ ಮರ ಕಡಿದು ತಂದುಕೊಟ್ರೆ ಹೇಗೆ?" ಅವಳು ಒಂದು ಹಳೆಯ ರಟ್ಟಿನ ಹಿಂಬದಿಯಲ್ಲಿ ಮನೆತನ ಬರೆದಳು. ಮುತ್ತಜ್ಜ, ಕೆಳಗೆ ಅಜ್ಜಂದಿರು, ಅವರ ಕೆಳಗೆ ಅಪ್ಪಂದಿರು, ಮಕ್ಕಳು. "ಪದಗಳು ಯಾವ ಯಾವ ಮನೆಯಲ್ಲಿ ಸಿಕ್ವು ನೋಡಿ. ಅವುಗಳಿಗೆ ಎಲ್ಲಕ್ಕಿಂತ ಹತ್ತಿರದ ಹಿರಿಯ ಯಾರು ಅಂತ ಕೇಳಿ. ಹಿರಿಯ ಅಪ್ಪ ಆಗಿದ್ರೆ ಅವು ಅಣ್ಣತಮ್ಮಂದಿರು, ಧಾರಾಳವಾಗಿ ಒಟ್ಟಿಗೆ ತೋರಿಸಿ. ಅಜ್ಜ ಆದ್ರೆ ಒಂದೇ ಮಾಡೆಲು, ಎಚ್ಚರಿಕೆಯಿಂದ ತೋರಿಸಿ. ಮುತ್ತಜ್ಜನವರೆಗೂ ಹೋಗಬೇಕಾಗಿ ಬಂತು ಅಂದ್ರೆ ಅವರು ದಾಯಾದಿಗಳು, ಸೇರಿಸಬೇಡಿ."

"ಸೇರಿಸದೆ ಏನು ತೋರಿಸಲಿ?"

"ಇಲ್ಲ ಅಂತ ತೋರಿಸಿ."

ನೆಗಡಿ ಮೇಡಂ ರಟ್ಟಿನ ಮೇಲಿನ ಮನೆತನವನ್ನು ಬೆರಳಿಟ್ಟು ಮೇಲಿಂದ ಕೆಳಗೆ ಎಣಿಸಿದಳು. ಆಮೇಲೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಹತ್ತು ದಿನ ಕೆಳಗೂ ಮೇಲೂ ಓಡಾಡಿದಳು. ಮುನ್ನೂರು ಪ್ರಶ್ನೆಗಳನ್ನು ಇಬ್ಬರೂ ಕೂತು ಕೇಳಿದರು. ತಪ್ಪು ಉತ್ತರ ಒಂದೂ ಬರಲಿಲ್ಲ. ಆದರೆ ಐವತ್ತೇಳು ಪ್ರಶ್ನೆಗೆ ಯಂತ್ರ, 'ಕೈಪಿಡಿಯಲ್ಲಿ ಇದಕ್ಕೆ ಉತ್ತರ ಇಲ್ಲ' ಎಂದಿತು.

ಶೇಕಡಾ ಸಾಹೇಬರಿಗೆ ಆ ಐವತ್ತೇಳು ಮಾತ್ರ ಕಂಡವು.

"ಸರಿ ಉತ್ತರ ಕೊಡೋದು ತೊಂಬತ್ತೇಳರಿಂದ ಎಂಬತ್ತೊಂದು ಶೇಕಡಾಕ್ಕೆ ಇಳಿದಿದೆ. ಕಂಪನಿ ಯಜಮಾನರಿಗೆ ಏನಂತ ತೋರಿಸಲಿ? ಇಷ್ಟು ದಿನ ಕೂತು ಇಲ್ಲ ಅನ್ನೋದನ್ನ ಕಲಿಸಿದ್ವಿ ಅಂತಲಾ?"

"ಹೌದು ಸಾರ್," ಎಂದಳು ಸೂಚಿಯಕ್ಕ. "ಕೆಲವರಿಗೆ ವಯಸ್ಸಾದ್ರೂ ಬರಲ್ಲ."

ಅವರು ಹಳೆಯದನ್ನೇ ಯಜಮಾನರ ಮುಂದೆ ಇಡುವುದೆಂದು ತೀರ್ಮಾನಿಸಿದರು. ಅವಳಿಗೆ ಕೊನೆಯ ಮಾತೂ ಹೇಳಿದರು. ಬುಧವಾರದ ಸಭೆಯಲ್ಲಿ ಸಹಿಯಾಗದಿದ್ದರೆ, ಕೈಪಿಡಿಯ ಹೊಣೆಯಿಂದ ಅವಳನ್ನು ತೆಗೆದು ಬೇರೆಯವರಿಗೆ ಕೊಡಲಾಗುವುದು. ಇಪ್ಪತ್ತಮೂರು ವರ್ಷದ ಅಕ್ಷರಗಳು ಇನ್ನೊಬ್ಬರ ಕೈಗೆ. ಅವರು ಮರುಕ್ಷಣ ಸಹಿ ಹಾಕುತ್ತಾರೆಂದು ಅವಳಿಗೂ ಗೊತ್ತಿತ್ತು.

ಬುಧವಾರ ನಾಲ್ಕನೇ ಮಹಡಿಯ ಉದ್ದ ಮೇಜಿನ ಸುತ್ತ ಕೂತರು. ತಲೆಯಲ್ಲಿ ಯಜಮಾನರು, ವಯಸ್ಸಾದವರು, ಯುವಕರಾಗಿದ್ದಾಗ ತಾವೇ ಹಗ್ಗ ಹಿಡಿದು ಲಿಫ್ಟು ಇಳಿಸಿದವರು. ಪಕ್ಕದಲ್ಲಿ ಸಾಹೇಬರು, ಎದುರಿಗೆ ನೆಗಡಿ ಮೇಡಂ, ಮೆಕ್ಯಾನಿಕ್ಕುಗಳ ಪರವಾಗಿ ಮೈದುನ. ಬಾಗಿಲ ಹತ್ತಿರ ಸೂಚಿಯಕ್ಕ. ಗೋಡೆಯ ಮೇಲೆ ತೊಂಬತ್ತೇಳು ಎಂಬ ಅಂಕಿ ಹಸಿರು ಬಣ್ಣದಲ್ಲಿ ಆಳೆತ್ತರ ನಿಂತಿತ್ತು.

"ಮೆಕ್ಯಾನಿಕ್ಕುಗಳು ಏನಂತಾರೆ?" ಎಂದರು ಯಜಮಾನರು.

ಮೈದುನ ಎದ್ದು ನಿಂತ. ಅತ್ತಿಗೆಯ ಕಡೆ ನೋಡಲಿಲ್ಲ. "ನಮಗೆ ಅನುಕೂಲ ಸಾರ್. ಬೇಗ ಬಂದ್ರೆ ಒಳ್ಳೇದು."

"ಕೂರಬೇಡ," ಎಂದಳು ಸೂಚಿಯಕ್ಕ. "ನಿನ್ನ ಮೊಬೈಲು ತೆಗಿ. ಒಂಬತ್ತನೇ ಮಾಡೆಲು, ಎರಡು ಮಹಡಿ ನಡುವೆ ನಿಂತಿದೆ, ಒಳಗೆ ಜನ ಇದ್ದಾರೆ. ಒಂಬತ್ತು, ಬ್ರೇಕ್, ಹಿಡಿಕೆ ಅಂತ ಹುಡುಕು. ಬಂದದ್ದನ್ನ ಗಟ್ಟಿಯಾಗಿ ಓದು."

ಅವನು ಒತ್ತಿದ. "ಮಾಡೆಲ್ ಒಂಬತ್ತು, ಬ್ರೇಕ್," ಎಂದು ಓದತೊಡಗಿದ. "ಹಿಡಿಕೆಯನ್ನು ಪೂರ್ತಿ ಎಡಕ್ಕೆ" ಎನ್ನುವಲ್ಲಿ ಅವನ ದನಿ ನಿಂತಿತು. ಇಪ್ಪತ್ತು ವರ್ಷ ಅದೇ ಬೋಲ್ಟಿನ ಪಕ್ಕ ಕೈಯಿಟ್ಟವನು. ಬಲಗೈ ತಾನಾಗಿ ಹಿಂದಕ್ಕೆ ಸರಿದು ಪ್ಯಾಂಟಿಗೆ ಒರೆಸಿಕೊಂಡಿತು.

"ಯಾಕೆ ನಿಲ್ಲಿಸಿದೆ?" ಎಂದರು ಯಜಮಾನರು.

"ಇದು ಏಳರದ್ದು ಸಾರ್. ಒಂಬತ್ತರಲ್ಲಿ ಅಲ್ಲಿ ಹಿಡಿಕೆ ಇಲ್ಲ, ಸ್ಪ್ರಿಂಗಿನ ಬೋಲ್ಟು. ಹೊಸಬ ಯಾವನಾದ್ರೂ ಇದನ್ನ ಓದಿ ತಿರುಗಿಸಿದ್ರೆ, ಒಳಗಿದ್ದವರು ಸೀದಾ ಕೆಳಗೆ."

"ಇದು ಅಪರೂಪದ್ದು," ಎಂದರು ಸಾಹೇಬರು. "ಮೂರು ಶೇಕಡಾ."

ಸೂಚಿಯಕ್ಕ ಫಾರಂ ತೆಗೆದು ಮೇಜಿನ ನಡುವೆ ಇಟ್ಟಳು. ಅದರ ಮೇಲೆ ಪೆನ್ನಿಟ್ಟಳು.

"ನನ್ನನ್ನ ತೆಗೆದು ಬೇರೆಯವರಿಂದ ಹಾಕಿಸ್ತೀವಿ ಅಂದ್ರಿ. ಅಷ್ಟು ದೂರ ಯಾಕೆ? ಜಾಗ ಖಾಲಿ ಇದೆ. ಉತ್ತರ ಕೈಪಿಡಿಯಲ್ಲಿ ಇರುವಂತೆಯೇ ಇದೆ ಅಂತ ನಂಬಿಕೆ ಇದ್ದವರು ಈಗಲೇ ಹಾಕಿ. ನಾನು ಎದ್ದು ಹೋಗ್ತೀನಿ, ಒಂದು ಮಾತೂ ಆಡಲ್ಲ."

ಪೆನ್ನು ಅಲ್ಲೇ ಇತ್ತು. ಸಾಹೇಬರು ಅದನ್ನು ನೆಗಡಿ ಮೇಡಂ ಕಡೆ ತಳ್ಳಿದರು, "ಬರೆದವರು ನೀವಲ್ವಾ" ಎಂದರು. ಆಕೆ ಸೀನಿ, ಅದನ್ನು ಮೈದುನನ ಕಡೆ ತಳ್ಳಿದಳು. ಮೈದುನ ಬಿಸಿ ಪಾತ್ರೆ ಮುಟ್ಟಿದವನಂತೆ ಮುಂದಕ್ಕೆ ಸರಿಸಿದ. ಪೆನ್ನು ಒಂದು ಸುತ್ತು ಬಂದು ಸಾಹೇಬರ ಮುಂದೆಯೇ ನಿಂತಿತು. ಅವರು ಅದನ್ನು ಕೈಗೆ ತೆಗೆದುಕೊಂಡರು, ಫಾರಂನ ಸಾಲನ್ನು ಮೊದಲ ಸಲ ಪೂರ್ತಿ ಓದಿದರು, ಆಮೇಲೆ ತಮ್ಮ ಕನ್ನಡಕ ಒರೆಸತೊಡಗಿದರು. ಒರೆಸುವುದು ಮುಗಿಯಲೇ ಇಲ್ಲ.

"ಇನ್ನೊಂದು ಇದೆ ಸಾರ್," ಎಂದಳು ನೆಗಡಿ ಮೇಡಂ. ಸಭೆಗಳಲ್ಲಿ ಆಕೆ ಆಡಿದ ಮೊದಲ ಮಾತು ಅದಿರಬೇಕು. ಮೈದುನನ ಕೈಯಿಂದ ಮೊಬೈಲು ಇಸಿದುಕೊಂಡು, ತಿದ್ದಿದ ಹೊಸ ಹುಡುಕು ಹಾಕಿ ವಾಪಸ್ಸು ಕೊಟ್ಟಳು. ಅದೇ ಮೂರು ಪದ. ಮೈದುನ ಓದಿದ. "ಕೈಪಿಡಿಯಲ್ಲಿ ಇದಕ್ಕೆ ಉತ್ತರ ಇಲ್ಲ. ಹಿಡಿಕೆ ಇರುವುದು ಮಾಡೆಲ್ ಏಳರಲ್ಲಿ. ಹಿರಿಯ ಮೆಕ್ಯಾನಿಕ್ಕನ್ನು ಕರೆಯಿರಿ."

"ನನ್ನ ಕಾಲದಲ್ಲಿ," ಎಂದರು ಯಜಮಾನರು ನಿಧಾನಕ್ಕೆ, "ಗೊತ್ತಿಲ್ಲ ಅಂತ ಹೇಳ್ತಿದ್ದವನನ್ನೇ ನಾನು ಮೇಲಕ್ಕೆ ಕಳಿಸ್ತಿದ್ದೆ. ಎಲ್ಲ ಗೊತ್ತು ಅನ್ನೋರು ಬೇಗ ಕೆಳಗೆ ಬರ್ತಿದ್ರು." ಗೋಡೆಯ ಹಸಿರು ಅಂಕಿಯನ್ನು ತೋರಿಸಿ, "ಅದನ್ನ ಅಳಿಸಿ," ಎಂದರು.

ಸೂಚಿಯಕ್ಕ ಪೆನ್ನು ತೆಗೆದುಕೊಂಡಳು. ಸಾಹೇಬರಿಗೆ ಈಗ ಕನ್ನಡಕ ಹಾಕಿಕೊಳ್ಳಲು ಧೈರ್ಯ ಬಂದಿತ್ತು.

"ಇದಕ್ಕೆ ಸಹಿ ಹಾಕಿದ್ರೆ ನಿಮ್ಮ ಫೋನೂ ಹೋಗುತ್ತೆ. ಗೊತ್ತಲ್ಲ?"

"ಗೊತ್ತು ಸಾರ್. ಅದಕ್ಕೇ ಇಷ್ಟು ದಿನ ಹಾಕಲಿಲ್ಲ ಅಂತ ನೀವು ಹೇಳಿದ್ದೂ ಗೊತ್ತು." ಹೆಸರಿನ ಒಂದು ಅಕ್ಷರವನ್ನೂ ಸುತ್ತಿ ಗೀಚದೆ, ಟೈಪು ಮಾಡಿದಷ್ಟು ಸ್ಪಷ್ಟವಾಗಿ ಸಹಿ ಹಾಕಿದಳು. ಸಂಜೆ ನೆಲಮಾಳಿಗೆಗೆ ಇಳಿದು ತಂತಿಯನ್ನು ತಾನೇ ಕಿತ್ತಳು. ಮೈದುನ ಹಿಂದೆ ನಿಂತು ಸ್ಕ್ರೂ ಡ್ರೈವರ್ ಹಿಡಿದಿದ್ದ. ಕಿತ್ತ ತಂತಿಯನ್ನು ಅವನೇ ಸುರುಳಿ ಸುತ್ತಿದ.

ಮೇಜು ಉಗ್ರಾಣದಿಂದ ಹಿಂದಿರುಗಲಿಲ್ಲ. ಸಾಹೇಬರು ಅದನ್ನು ಮರೆತಂತೆ ನಟಿಸಿದರು, ಅವಳು ನೆನಪಿಸಲಿಲ್ಲ. ಮೊದಲ ತಿಂಗಳಲ್ಲಿ ಯಂತ್ರ ಇನ್ನೂರ ಹನ್ನೆರಡು ಸಲ ಇಲ್ಲ ಎಂದಿತ್ತು. ಅವಳು ಅಷ್ಟನ್ನೂ ಅಚ್ಚು ಹಾಕಿಸಿದಳು. ಒಂದೊಂದು ಇಲ್ಲವೂ ಯಾರೋ ಬರೆಯಬೇಕಾಗಿದ್ದು ಬರೆಯದೇ ಬಿಟ್ಟ ಒಂದು ಪುಟ. ಮುಂಚೆ ಅದನ್ನು ಅವಳು ಫೋನಿನಲ್ಲಿ ಬಾಯಿಂದ ತುಂಬಿಸಿ ಮುಚ್ಚಿಹಾಕುತ್ತಿದ್ದಳು. ಈಗ ಕಾಗದದ ಕಟ್ಟು ಹಿಡಿದು ಮೂರನೇ ಮಹಡಿಗೆ, ಕೈಪಿಡಿಗೆ ಮೂಲ ಬರೆಯಬೇಕಾದ ಇಂಜಿನಿಯರ ಕೋಣೆಗೆ ಹತ್ತಿದಳು.

ಇಂಜಿನಿಯರು ಕಟ್ಟಿನ ದಪ್ಪ ನೋಡಿದರು.

"ಇದೆಲ್ಲ ಏನಮ್ಮ?"

"ನೀವು ಹೇಳದೇ ಬಿಟ್ಟಿದ್ದು ಸಾರ್. ಒಂಬತ್ತರಿಂದ ಶುರು ಮಾಡಿ. ಒಳಗೆ ಜನ ಸಿಕ್ಕಿಹಾಕಿಕೊಂಡ್ರೆ ಏನು ಮಾಡ್ಬೇಕು ಅಂತ ಬರೀರಿ."

"ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ?"

"ಇಷ್ಟು ವರ್ಷ ಇಲ್ಲ ಅಂತ ಯಾರೂ ಹೇಳಿರಲಿಲ್ಲ."

"ಈಗ ಊಟದ ಹೊತ್ತು."

"ಧಾರಾಳವಾಗಿ ಊಟ ಮಾಡಿ ಬನ್ನಿ," ಎಂದಳು ಸೂಚಿಯಕ್ಕ, ಅವರ ಮೇಜಿನ ಮೇಲಿದ್ದ ನಕ್ಷೆಗಳನ್ನು ಒಂದು ಪಕ್ಕಕ್ಕೆ ಸರಿಸುತ್ತ. "ಅಷ್ಟರಲ್ಲಿ ಉಳಿದ ಇನ್ನೂರ ಹನ್ನೊಂದನ್ನ ಇಲ್ಲಿ ಸಾಲಾಗಿ ಜೋಡಿಸಿಟ್ಟಿರ್ತೀನಿ."